ಅರ್ಜಿ ಈರೋಡಿನಲ್ಲಿ, ಆನೆ ಹೊಲದಲ್ಲಿ

ಸತ್ಯಮಂಗಲದಿಂದ ಹೊರಟು, ಬಣ್ಣಾರಿ ಅಮ್ಮನ ಗುಡಿಯನ್ನು ದಾಟಿ, ದಿಂಬಂ ಘಟ್ಟದ 27 ತಿರುವುಗಳನ್ನು ಏರಿ ಬಂದವರಿಗೆ ಹಾಸನೂರು ಒಂದು ತಂಗುದಾಣ. ತಂಪು ಗಾಳಿ, ಹೆದ್ದಾರಿಯ ಎರಡು ಬದಿಗೆ ಅಂಗಡಿಗಳು, ಅವುಗಳ ಹಿಂದೆ ಹೊಲ, ಹೊಲದ ಹಿಂದೆ ಕಾಡು. ಇಲ್ಲಿಂದ ಮುಂದೆ ಸಾಗಿದರೆ ಕಾರಪಳ್ಳದ ತಪಾಸಣಾ ಠಾಣೆ, ಅದರಾಚೆ ಪುಣಜನೂರು, ಕರ್ನಾಟಕ. ಮನೆಯೊಳಗೆ ಕನ್ನಡ, ಕಛೇರಿಯಲ್ಲಿ ತಮಿಳು, ಸಂತೆಯಲ್ಲಿ ಎರಡೂ. ಇದು ಈ ಸೀಮೆಯ ನಿತ್ಯದ ನಡೆ. ಒಂದು ಕಾಲಕ್ಕೆ ಕೊಳ್ಳೇಗಾಲವೂ ತಾಳವಾಡಿಯೂ ಕೊಯಮತ್ತೂರು ಜಿಲ್ಲೆಯಲ್ಲಿಯೇ ಇದ್ದವು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು. ತಾಳವಾಡಿ, ಹಾಸನೂರುಗಳು ಇದ್ದಲ್ಲಿಯೇ ಉಳಿದವು. 1979ರಲ್ಲಿ ಕೊಯಮತ್ತೂರನ್ನು ಒಡೆದು ಇಂದಿನ ಈರೋಡು ಜಿಲ್ಲೆಯನ್ನು, ಅಂದಿನ ಪೆರಿಯಾರ್ ಜಿಲ್ಲೆಯನ್ನು, ರಚಿಸಿದ ಮೇಲೆ ಈ ಭಾಗದ ಜನರ ಕಾಗದಪತ್ರಗಳೆಲ್ಲ ಈರೋಡಿನ ದಾರಿ ಹಿಡಿದವು. ಆ ಕಾಗದಗಳಲ್ಲಿ ಒಂದು ಬಗೆಯದನ್ನು ಕುರಿತು ಈ ಲೇಖನ: ಬಂದೂಕಿನ ಪರವಾನಿಗೆಗೆ ಸಲ್ಲಿಸಿದ ಅರ್ಜಿ.

ಪೇಟೆಯ ಓದುಗರಿಗೆ ಬಂದೂಕೆಂದರೆ ಸಿನಿಮಾದ ವಸ್ತು. ಗುಡ್ಡದ ರೈತನಿಗೆ ಅದು ಕುಡುಗೋಲಿನ ಪಕ್ಕದಲ್ಲಿರಬೇಕಾದ ಒಂದು ಸಾಧನ. ರಾಗಿ ತೆನೆ ಬಲಿಯುವಾಗ, ಜೋಳ ಹಾಲುಗಟ್ಟುವಾಗ, ಬಾಳೆ ಗೊನೆ ಹಾಕುವಾಗ ಕಾಡು ಹೊಲಕ್ಕೆ ಬರುತ್ತದೆ. ಹಂದಿಯಾದರೆ ಗುಂಪಾಗಿ ಬಂದು ಗೆಡ್ಡೆ ಅಗೆಯುತ್ತದೆ. ಆನೆಯಾದರೆ ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಅಟ್ಟಣೆಯ ಮೇಲೆ ಕುಳಿತು ತಮಟೆ ಬಡಿಯುವುದು, ಪಟಾಕಿ ಸಿಡಿಸುವುದು, ಬೆಂಕಿಯ ಕೊಳ್ಳಿ ಬೀಸುವುದು, ಟಾರ್ಚು ಹಾಯಿಸುವುದು ಎಲ್ಲವೂ ನಡೆದಿದೆ. ಸೌರವಿದ್ಯುತ್ ಬೇಲಿಯೂ ಆನೆ ಕಂದಕವೂ ಬಂದಿವೆ. ಒಣಮರವನ್ನು ಬೇಲಿಯ ಮೇಲೆ ಕೆಡವಿ ದಾರಿ ಮಾಡಿಕೊಳ್ಳುವ ವಿದ್ಯೆಯನ್ನು ಆನೆಯೂ ಕಲಿತಿದೆ. ಇಷ್ಟೆಲ್ಲ ಆದ ಮೇಲೆ, ಆಕಾಶಕ್ಕೆ ಹಾರಿಸಿದ ಒಂದು ಈಡಿನ ಸದ್ದಿಗೆ ಮಾತ್ರ ಪ್ರಾಣಿ ಕಿವಿಗೊಟ್ಟೀತೆಂಬ ನಂಬಿಕೆ ರೈತನದು. ನಂಬಿಕೆ ಪೂರ್ತಿ ನಿಜವಲ್ಲವೆಂಬುದನ್ನು ಮುಂದೆ ಹೇಳುತ್ತೇನೆ. ಆದರೆ ಅರ್ಜಿ ಹುಟ್ಟುವುದು ಈ ನಂಬಿಕೆಯಿಂದಲೇ.

ಗಡಿಯ ಆಚೀಚೆ ನಡೆಯುವ ಮದುವೆಯ ಮನೆಗಳಲ್ಲಿ ಊಟದೆಲೆಯ ಮುಂದೆ ಕುಳಿತಾಗ ಮಳೆ, ಬೆಳೆ, ಮಕ್ಕಳ ಓದು ಮುಗಿದ ಮೇಲೆ ಈ ಮಾತೂ ಬರುವುದುಂಟು.

"ಭಾವಾ, ತುಪಾಕಿ ಲೈಸೆನ್ಸಿಗೆ ಅರ್ಜಿ ಹಾಕಿದ್ರಲ್ಲ, ಏನಾಯ್ತು?"

"ಈರೋಡಿನಲ್ಲಿ ಅದೆ ಅಂತಾರೆ ಕಣಪ್ಪ."

ಅಷ್ಟೇ ಉತ್ತರ. ಈರೋಡಿನಲ್ಲಿ ಎಲ್ಲಿ, ಯಾರ ಮೇಜಿನ ಮೇಲೆ, ಯಾವ ಕಾರಣಕ್ಕಾಗಿ ಎಂಬುದು ಕೇಳಿದವರಿಗೂ ತಿಳಿಯದು, ಹೇಳಿದವರಿಗೂ ತಿಳಿಯದು. ಈ ತಿಳಿಯದಿರುವಿಕೆಯೇ ನನ್ನ ಅಭಿಪ್ರಾಯದಲ್ಲಿ ಕಾಯುವುದಕ್ಕಿಂತ ಹೆಚ್ಚಿನ ಕಷ್ಟ. ಆದ್ದರಿಂದ ಅರ್ಜಿ ಯಾವ ಯಾವ ಬಾಗಿಲಿನಲ್ಲಿ ನಿಲ್ಲುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು.

1878ರಲ್ಲಿ ಬ್ರಿಟಿಷರು ಶಸ್ತ್ರಾಸ್ತ್ರಗಳ ಕಾಯಿದೆಯನ್ನು ತಂದಾಗ ಅವರ ಉದ್ದೇಶ ಭಾರತೀಯರ ಕೈಯಿಂದ ಆಯುಧವನ್ನು ಕಸಿಯುವುದಾಗಿತ್ತು. ಸ್ವತಂತ್ರ ಭಾರತದ ಸಂಸತ್ತು ಮಾಡಿದ 1959ರ ಕಾಯಿದೆ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಇದರ ಮನೋಧರ್ಮ ಬೇರೆ. 13ನೆಯ ವಿಧಿಯನ್ನು ಓದಿದವರಿಗೆ ಅದರಲ್ಲಿ ರೈತನ ಬಗೆಗೊಂದು ಅನುಕಂಪ ಕಾಣಿಸುತ್ತದೆ. ಬೆಳೆಯ ರಕ್ಷಣೆಗಾಗಿ ಪ್ರಾಮಾಣಿಕವಾಗಿ ಬಳಸುವ, ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಿಗೆಯನ್ನು ಕೊಡತಕ್ಕದ್ದೆಂದೇ ಅಲ್ಲಿ ಹೇಳಿದೆ. ಅಂಥ ಕೋವಿ ಬೆಳೆ ಕಾಯಲು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಬಂದೂಕಿಗೂ ಕೊಡಬಹುದು. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣದಿಂದ ನಿರಾಕರಿಸಕೂಡದೆಂದು 14ನೆಯ ವಿಧಿ ಎಚ್ಚರಿಸುತ್ತದೆ. ಎರಡೆಕರೆಯವನ ರಾಗಿಯೂ ರಾಗಿಯೇ ಎಂಬುದನ್ನು ಕಾಯಿದೆ ಬರೆದವರು ಮರೆತಿರಲಿಲ್ಲ.

ಇನ್ನು ಕ್ರಮ. 21 ವರ್ಷ ತುಂಬಿದವರು, ಹಿಂಸೆಯ ಅಪರಾಧಕ್ಕಾಗಿ ಶಿಕ್ಷೆ ಪಡೆಯದವರು, ಚಿತ್ತಸ್ವಾಸ್ಥ್ಯ ಉಳ್ಳವರು ಅರ್ಜಿ ಸಲ್ಲಿಸಬಹುದು. ಗುರುತಿನ ಮತ್ತು ವಿಳಾಸದ ದಾಖಲೆ, ಭಾವಚಿತ್ರ, ವೈದ್ಯರ ಪ್ರಮಾಣಪತ್ರ, ಜಮೀನಿನ ಪಟ್ಟಾ, ಚಿಟ್ಟಾ, ಅಡಂಗಲ್ಲುಗಳನ್ನೆಲ್ಲ ಜೋಡಿಸಬೇಕು. ಪರವಾನಿಗೆಯ ಅಧಿಕಾರಿ ಹತ್ತಿರದ ಠಾಣೆಯಿಂದ ವರದಿ ತರಿಸಿಕೊಳ್ಳುತ್ತಾರೆ. ಪೋಲೀಸರು ಊರಿಗೆ ಬಂದು ವಿಚಾರಿಸಿ, ನೆರೆಹೊರೆಯವರ ಮಾತು ಕೇಳಿ ಬರೆಯಬೇಕು. 2016ರ ನಿಯಮಗಳು ಈ ವರದಿಗೆ 30 ದಿನಗಳ ಗಡುವನ್ನೂ, ವರದಿ ತಲುಪಿದ ಮೇಲೆ ಪರವಾನಿಗೆ ಕೊಡುವ ಅಥವಾ ನಿರಾಕರಿಸುವ ತೀರ್ಮಾನಕ್ಕೆ 60 ದಿನಗಳ ಗಡುವನ್ನೂ ಹಾಕಿವೆ. ಕೂಡಿಸಿದರೆ ಮೂರು ತಿಂಗಳು. ರಾಗಿ ಬಿತ್ತಿ ಕೊಯ್ಯುವುದಕ್ಕೂ ಇದಕ್ಕಿಂತ ಹೆಚ್ಚು ದಿನ ಬೇಕು!

ಪೋಲೀಸು ವರದಿ ಬರಲಿಲ್ಲವೆಂದು ಅರ್ಜಿ ನಿಲ್ಲಬೇಕಾಗಿಯೂ ಇಲ್ಲ. ಗಡುವು ಮೀರಿದ ಬಳಿಕ ಅದಕ್ಕಾಗಿ ಕಾಯದೆಯೇ ಅಧಿಕಾರಿ ಆಜ್ಞೆ ಮಾಡಬಹುದೆಂದು 13ನೆಯ ವಿಧಿಯೇ ಹೇಳುತ್ತದೆ. 'ಬಹುದು' ಎಂಬ ಪದದ ಆಳವನ್ನು ಬಲ್ಲವರು ಕಛೇರಿಗಳಲ್ಲಿ ಅಲೆದವರು ಮಾತ್ರ.

ಇಷ್ಟು ಮಾತ್ರವಾಗಿದ್ದರೆ ಹಾಸನೂರಿನ ಅರ್ಜಿಗೂ ಗೋಬಿಚೆಟ್ಟಿಪಾಳಯದ ಬಯಲಿನ ಅರ್ಜಿಗೂ ಭೇದವಿರುತ್ತಿರಲಿಲ್ಲ. ಭೇದವಿದೆ. ಅದು ಇರುವುದು ಶಸ್ತ್ರಗಳ ಕಾಯಿದೆಯಲ್ಲಿ ಅಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ. ಅದರ 34ನೆಯ ವಿಧಿಯ ಮೂರನೆಯ ಉಪವಿಧಿಯ ಪ್ರಕಾರ, ಯಾವುದೇ ಅಭಯಾರಣ್ಯದ 10 ಕಿಲೋಮೀಟರ್ ಸುತ್ತಳತೆಯೊಳಗೆ ಮುಖ್ಯ ವನ್ಯಜೀವಿ ಪಾಲಕರ ಪೂರ್ವಸಮ್ಮತಿ ಇಲ್ಲದೆ ಹೊಸ ಬಂದೂಕಿನ ಪರವಾನಿಗೆಯನ್ನು ಕೊಡುವಂತಿಲ್ಲ. ಸತ್ಯಮಂಗಲದ ಕಾಡು 2008ರಲ್ಲಿ ಅಭಯಾರಣ್ಯವಾಯಿತು, 2011ರಲ್ಲಿ ಹಿಗ್ಗಿತು, 2013ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು. ಇಂದು ಅದರ ವಿಸ್ತಾರ 1,400 ಚದರ ಕಿಲೋಮೀಟರಿಗೂ ಹೆಚ್ಚು; ಅದರ ಎರಡು ವಿಭಾಗಗಳಲ್ಲಿ ಒಂದರ ಹೆಸರೇ ಹಾಸನೂರು. ಹೀಗಿರುವಾಗ ಹಾಸನೂರಿನ ಯಾವ ಮನೆಯಿಂದ ಅಳೆದರೂ ಆ 10 ಕಿಲೋಮೀಟರಿನ ಹೊರಗೆ ಬೀಳುವ ಮಾತೇ ಇಲ್ಲ.

ಅಪ್ಪನಿಗೆ ಸಿಕ್ಕಿದ್ದು ಮಗನಿಗೇಕೆ ಸಿಗುತ್ತಿಲ್ಲವೆಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಇಲ್ಲಿದೆ. ಅರ್ಜಿದಾರ ಪೋಲೀಸು ಠಾಣೆಯಲ್ಲಿ ವಿಚಾರಿಸುತ್ತಾನೆ, ತಾಲೂಕು ಕಛೇರಿಯಲ್ಲಿ ವಿಚಾರಿಸುತ್ತಾನೆ, ಘಟ್ಟವಿಳಿದು ಸುಮಾರು 100 ಕಿಲೋಮೀಟರ್ ದೂರದ ಈರೋಡಿಗೂ ಹೋಗಿ ಬರುತ್ತಾನೆ. ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿರುವ ಘಟ್ಟವಾದ್ದರಿಂದ ಹೊತ್ತು ನೋಡಿಕೊಂಡೇ ಹಿಂದಿರುಗಬೇಕು. ಆದರೆ ಅವನ ಕಡತಕ್ಕೆ ಬೇಕಾದ ಒಂದು ಸಹಿ ಈ ಮೂರೂ ಕಡೆ ಇಲ್ಲ. ಅರಣ್ಯ ಇಲಾಖೆಯ ಬಾಗಿಲೂ ಒಂದುಂಟೆಂದು ಅವನಿಗೆ ಯಾರೂ ಹೇಳದಿದ್ದರೆ, ತಾನು ಕಾಯುತ್ತಿರುವುದು ಯಾರನ್ನೆಂಬುದೇ ಅವನಿಗೆ ತಿಳಿಯುವುದಿಲ್ಲ.

ಅದೇ ಕಾಯಿದೆಯಲ್ಲಿ ಇನ್ನೂ ಒಂದು ಕೊಕ್ಕೆ ಇದೆ. ಲಿಖಿತ ಪೂರ್ವಾನುಮತಿ ಇಲ್ಲದೆ ಆಯುಧದೊಂದಿಗೆ ಯಾರೂ ಅಭಯಾರಣ್ಯವನ್ನು ಪ್ರವೇಶಿಸಕೂಡದೆಂದು 31ನೆಯ ವಿಧಿ ಹೇಳುತ್ತದೆ. ಪರವಾನಿಗೆ ದೊರೆತು, ಪೇಟೆಯ ಅಂಗಡಿಯಲ್ಲಿ ಬಂದೂಕು ಕೊಂಡರೂ, ಅದನ್ನು ಕಾಡಿನ ನಡುವಣ ಹಾದಿಯಲ್ಲಿ ಮನೆಗೆ ತರುವ ಮುನ್ನ ಅನುಮತಿಯ ಕಾಗದ ಕೈಯಲ್ಲಿರಬೇಕು. ಹಳೆಯ ಪರವಾನಿಗೆ ಉಳ್ಳವರೂ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. 2022ರ ತಿದ್ದುಪಡಿಯ ಪ್ರಕಾರ ನವೀಕರಣದ ಸಂಗತಿಯನ್ನೂ ಇಲಾಖೆಗೆ ತಿಳಿಸಿಯೇ ಮಾಡಬೇಕು.

"ನಾವು ಕರ್ನಾಟಕದಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ ಸಿಗುತ್ತಿತ್ತು" ಎಂಬ ಮಾತು ನಮ್ಮವರಲ್ಲಿ ಸುಲಭವಾಗಿ ಬರುತ್ತದೆ. ಈ ವಿಷಯದಲ್ಲಿ ಅದು ನಿಲ್ಲುವ ಮಾತಲ್ಲ. ಎರಡೂ ಕಾಯಿದೆಗಳು ಕೇಂದ್ರದವು. ಪುಣಜನೂರಿನ ರೈತ ಬಿಳಿಗಿರಿರಂಗನ ಬೆಟ್ಟದ ಅಭಯಾರಣ್ಯದ ನೆರಳಿನಲ್ಲಿದ್ದಾನೆ. ಅವನಿಗೂ ಅದೇ 10 ಕಿಲೋಮೀಟರ್. ಗಡಿಯಿಂದ ಆಗುವ ತೊಂದರೆ ಬೇರೆಯದು, ಅದು ಭಾಷೆಯದು. ಠಾಣೆಯ ವರದಿ, ಗ್ರಾಮಾಡಳಿತಾಧಿಕಾರಿಯ ಟಿಪ್ಪಣಿ, ಈರೋಡಿನ ಪತ್ರ ಎಲ್ಲವೂ ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಹಿರಿಯರು ತಮಿಳನ್ನು ಸೊಗಸಾಗಿ ಆಡುತ್ತಾರೆ, ಓದಲಾರರು. ತಮ್ಮ ನಡತೆಯ ಬಗ್ಗೆ ತಮ್ಮದೇ ಕಡತದಲ್ಲಿ ಬರೆದಿರುವುದನ್ನು ಮೊಮ್ಮಗ ಓದಿ ಹೇಳಬೇಕು. ಸಂವಿಧಾನದ 350ನೆಯ ಅನುಚ್ಛೇದವು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿಯನ್ನು ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕನ್ನು ಬಿಡಬಾರದು. ಹಾಗೆಂದು ಕನ್ನಡದ ಮನವಿಯ ಜೊತೆಗೆ ಒಂದು ತಮಿಳು ಪ್ರತಿಯನ್ನು ಲಗತ್ತಿಸಿದರೆ ಮಾನಕ್ಕೇನೂ ಕುಂದಿಲ್ಲ, ಕೆಲಸ ಬೇಗನಾಗುತ್ತದೆ.

ಈ ಸೀಮೆಯಲ್ಲಿ ಬಂದೂಕೆಂಬ ಶಬ್ದಕ್ಕೆ ಇನ್ನೊಂದು ನೆನಪೂ ಅಂಟಿಕೊಂಡಿದೆ. 2000ದ ಜುಲೈ 30ರ ರಾತ್ರಿ ತಾಳವಾಡಿಯ ದೊಡ್ಡಗಾಜನೂರಿನ ಮನೆಯಿಂದ ವರನಟ ಡಾ. ರಾಜಕುಮಾರರನ್ನು ವೀರಪ್ಪನ್ ಅಪಹರಿಸಿದ. 108 ದಿನಗಳ ಬಳಿಕ, ನವೆಂಬರ್ 15ರಂದು, ಅವರ ಬಿಡುಗಡೆಯಾಯಿತು. 2004ರ ಅಕ್ಟೋಬರ್ 18ರಂದು ಅವನು ಸತ್ತ. ಆ ವರ್ಷಗಳಲ್ಲಿ ಕಾಡಂಚಿನ ಹಳ್ಳಿಗಳು ಎರಡು ಕಡೆಯ ಬಂದೂಕುಗಳ ನಡುವೆ ಬದುಕಿದವು. ಎರಡು ರಾಜ್ಯಗಳ ಕಾರ್ಯಪಡೆಗಳ ಮೇಲೆ ಗ್ರಾಮಸ್ಥರು ಮಾಡಿದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯನ್ನೇ ನೇಮಿಸಬೇಕಾಯಿತು. ಅಂಥ ಕಾಲವನ್ನು ಕಂಡ ಊರಿನಲ್ಲಿ ಪೋಲೀಸರು ಬಂದು "ನಿಮಗೆ ಬಂದೂಕು ಯಾಕೆ?" ಎಂದು ಕೇಳಿದರೆ, ಅದು ನಿಯಮದ ಪ್ರಶ್ನೆಯೇ ಆದರೂ, ಹಿರಿಯರ ಎದೆ ಒಮ್ಮೆ ಧಸಕ್ಕೆನ್ನುವುದು ಸಹಜ. ಅರ್ಜಿಯನ್ನೇ ಹಾಕದೆ ಕೊಳ್ಳಿ ಹಿಡಿದು ಕಾಯುವವರಲ್ಲಿ ಈ ಅಂಜಿಕೆಯ ಪಾಲೂ ಇರಬಹುದು.

ಈಗ ಕಹಿಯಾದ ಮಾತು. ಪರವಾನಿಗೆ ಬಂದಿತೆಂದೇ ಇಟ್ಟುಕೊಳ್ಳೋಣ. ಅದರಿಂದ ಏನು ಮಾಡಬಹುದು? ಆನೆ ಮೊದಲನೆಯ ಅನುಸೂಚಿಯ ಪ್ರಾಣಿ. ಮನುಷ್ಯ ಜೀವಕ್ಕೆ ಅಪಾಯಕಾರಿಯಾದಾಗ, ಹಿಡಿಯುವುದೂ ಮತ್ತು ಬರಿಸುವುದೂ ಸಾಗಿಸುವುದೂ ಸಾಧ್ಯವಿಲ್ಲವೆಂದು ಮನಗಂಡಾಗ ಮಾತ್ರ ಮುಖ್ಯ ವನ್ಯಜೀವಿ ಪಾಲಕರು ಕೊಲ್ಲಲು ಅಪ್ಪಣೆ ಕೊಡಬಹುದು. ಬೆಳೆ ಹಾನಿ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಅದರ ವಿಷಯದಲ್ಲಿ ನಿಂತ ಬೆಳೆಯ ಹಾನಿಯನ್ನು ಕಾರಣವಾಗಿ ಕಾಯಿದೆ ಒಪ್ಪುತ್ತದೆ, ಆದರೆ ಅಲ್ಲಿಯೂ ಅಪ್ಪಣೆ ಬೇಕು. ಬಂದೂಕಿನ ಪರವಾನಿಗೆ ಬಂದೂಕನ್ನು ಇಟ್ಟುಕೊಳ್ಳುವ ಪರವಾನಿಗೆಯೇ ಹೊರತು ಪ್ರಾಣಿಯನ್ನು ಹೊಡೆಯುವ ಪರವಾನಿಗೆಯಲ್ಲ. ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಿಕೊಳ್ಳಲು ಸದ್ಭಾವದಿಂದ ಹೊಡೆದದ್ದು ಅಪರಾಧವಲ್ಲವೆಂಬ ರಕ್ಷಣೆಯೊಂದು 11ನೆಯ ವಿಧಿಯಲ್ಲಿದೆ. ಅದೂ ಪ್ರಾಣಕ್ಕೆ, ಬಾಳೆಗಲ್ಲ.

2025ರ ಜನವರಿಯಲ್ಲಿ ತಮಿಳುನಾಡು ಸರಕಾರವು ಕಾಡುಹಂದಿಗಳ ಬಗ್ಗೆ ಒಂದು ಆಜ್ಞೆ ಮಾಡಿತು. ಮೀಸಲು ಅರಣ್ಯದಿಂದ 1 ಕಿಲೋಮೀಟರಿನೊಳಗೆ ಹೊಡೆಯುವಂತಿಲ್ಲ; 1ರಿಂದ 3 ಕಿಲೋಮೀಟರಿನವರೆಗೆ ಹಿಡಿದು ಕಾಡಿಗೆ ಬಿಡಬೇಕು; 3 ಕಿಲೋಮೀಟರಿನಾಚೆ ಅರಣ್ಯ ಸಿಬ್ಬಂದಿ ಹೊಡೆಯಬಹುದು. ಬಯಲುಸೀಮೆಯ ರೈತನಿಗೆ ಇದರಿಂದ ಏನಾದರೂ ಅನುಕೂಲವಾದೀತು. ಹಾಸನೂರಿನಲ್ಲಿ ಹೊಲದ ಬದುವೇ ಕಾಡಿನ ಅಂಚಾಗಿರುವಾಗ 3 ಕಿಲೋಮೀಟರ್ ದೂರ ಹೋಗುವುದಾದರೂ ಎಲ್ಲಿಗೆ?

ಬಂದೂಕಿನ ಸದ್ದಿಗೆ ಆನೆ ಓಡಿಯೇ ತೀರುತ್ತದೆಂಬ ನಂಬಿಕೆಯ ಬಗ್ಗೆ ಮೊದಲೇ ಹೇಳಿದೆ. ಅದಕ್ಕೆ ತಾಳವಾಡಿಯವರೇ ಸಾಕ್ಷಿ. ಕರುಪ್ಪನ್ ಎಂದು ಜನ ಕರೆದ ಒಂಟಿ ಗಂಡಾನೆ ಅಲ್ಲಿಯ ಹೊಲಗಳನ್ನು ಹಾಳುಗೆಡವಿ ಜೀವಹಾನಿಯನ್ನೂ ಮಾಡಿತ್ತು. ಅದನ್ನು ಹಿಡಿಯಲು ಕುಮ್ಕಿ ಆನೆಗಳನ್ನು ತರಿಸಿ, ಮತ್ತು ಬರಿಸುವ ಮದ್ದಿನ ಕೋವಿ ಹಿಡಿದ ವೈದ್ಯರನ್ನು ಕರೆಸಿದರೂ ಹಲವು ಪ್ರಯತ್ನಗಳು ವಿಫಲವಾದವು. ಕೊನೆಗೆ 2023ರ ಏಪ್ರಿಲಿನಲ್ಲಿ ಸೆರೆಸಿಕ್ಕಿ ಬೇರೆ ಕಾಡಿಗೆ ಹೋಯಿತು. ಸರಕಾರದ ಅಷ್ಟು ದೊಡ್ಡ ಪಡೆಗೇ ಜಗ್ಗದ ಪ್ರಾಣಿಯ ಎದುರು ಕೇಪಿನ ಕೋವಿ ಹಿಡಿದು ಒಂಟಿಯಾಗಿ ನಿಲ್ಲುವುದು ಧೈರ್ಯವೆನಿಸದು. ಗಾಯಗೊಂಡ ಆನೆ ಮರುದಿನ ಹಾದಿಯಲ್ಲಿ ಸಿಗುವುದು ಶಾಲೆಗೆ ಹೋಗುವ ಮಕ್ಕಳಿಗೆ.

ಹಾಗಾದರೆ ಅರ್ಜಿಯೇ ವ್ಯರ್ಥವೇ? ನಾನು ಹಾಗೆ ಹೇಳಲಾರೆ. ಒಂಟಿಮನೆಯಲ್ಲಿ ವಾಸಿಸುವವರಿಗೆ, ಕೊಟ್ಟಿಗೆಗೆ ಚಿರತೆ ಬರುವ ಕಡೆ, ಸದ್ದು ಮಾಡುವ ಒಂದು ಸಾಧನ ಮನೆಯಲ್ಲಿದೆ ಎಂಬ ಧೈರ್ಯಕ್ಕೂ ಬೆಲೆಯುಂಟು. ಆ ಬೆಲೆಯನ್ನು ಕೊಡಗಿನವರು ಬಲ್ಲರು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರು ಕೊಟ್ಟ ವಿನಾಯಿತಿ ಇಂದಿಗೂ ರೂಪಾಂತರದಲ್ಲಿ ನಡೆದುಬಂದಿದೆ; ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಪರವಾನಿಗೆ ಬೇಕಿಲ್ಲ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಮನೆಗೂ, ಅದೇ ಪಶ್ಚಿಮ ಘಟ್ಟದ ಆನೆಗಳನ್ನೇ ಎದುರಿಸುತ್ತ ಕಾಗದಕ್ಕಾಗಿ ಕಾಯುವ ಹಾಸನೂರಿನ ಮನೆಗೂ ನಡುವಿನ ಅಂತರ ಚರಿತ್ರೆಯದು, ಯೋಗ್ಯತೆಯದಲ್ಲ. ಕಾಸರಗೋಡಿನ ನಮ್ಮ ಬಂಧುಗಳ ಪರಿಸ್ಥಿತಿ ಇನ್ನೊಂದು ಬಗೆ. ಕೇರಳ ಸರಕಾರವು 2022ರಲ್ಲಿ ಹಾನಿಮಾಡುವ ಕಾಡುಹಂದಿಯನ್ನು ಹೊಡೆಸುವ ಅಧಿಕಾರವನ್ನು ಪಂಚಾಯತಿಯ ಅಧ್ಯಕ್ಷರಿಗೇ ವಹಿಸಿತು. ಅಲ್ಲಿ ಪರವಾನಿಗೆಯ ಕೋವಿ ಉಳ್ಳವನನ್ನು ಪಂಚಾಯತಿಯೇ ಹುಡುಕಿಕೊಂಡು ಬರುತ್ತದೆ.

ಅರ್ಜಿ ಸಲ್ಲಿಸಿ ಕುಳಿತವರಿಗೆ ಒಂದು ಸಂಗತಿ ತಿಳಿದಿರಲಿ. ನಿರಾಕರಣೆಯ ಆಜ್ಞೆಗೆ 18ನೆಯ ವಿಧಿಯಡಿ ಮೇಲ್ಮನವಿಯುಂಟು; ಮೌನಕ್ಕೆ ಮೇಲ್ಮನವಿಯಿಲ್ಲ. ಮೌನವನ್ನು ಮುರಿಯಲು ಚೆನ್ನೈಯ ಉಚ್ಚ ನ್ಯಾಯಾಲಯದವರೆಗೆ ಹೋಗಬೇಕು, ಅದು ಎಲ್ಲರಿಂದಾಗುವ ಕೆಲಸವಲ್ಲ. ಆದ್ದರಿಂದ "ಕೊಡಿ" ಎಂದು ಬೇಡುವುದಕ್ಕಿಂತ ಮೊದಲು "ಇಲ್ಲವಾದರೆ ಇಲ್ಲವೆಂದು ಬರೆದುಕೊಡಿ" ಎಂದು ಕೇಳುವುದು ಮೇಲು. ಅರ್ಜಿಯ ಸ್ವೀಕೃತಿ ಪತ್ರವನ್ನು ಜೋಪಾನವಾಗಿಡಬೇಕು. ಮೂರು ತಿಂಗಳು ಕಳೆದ ಮೇಲೆ ಮಾಹಿತಿ ಹಕ್ಕಿನ ಕಾಯಿದೆಯಂತೆ 10 ರೂಪಾಯಿ ಶುಲ್ಕದೊಂದಿಗೆ, ಪೋಲೀಸು ವರದಿ ಯಾವ ದಿನ ಬಂತು, ಅರಣ್ಯ ಇಲಾಖೆಯ ಸಮ್ಮತಿ ಕೇಳಿ ಪತ್ರ ಬರೆದದ್ದು ಯಾವ ದಿನ ಎಂದು ಕೇಳಬಹುದು. ಉತ್ತರಕ್ಕೆ 30 ದಿನಗಳ ಗಡುವು. ಎಷ್ಟೋ ವೇಳೆ ಪತ್ರವನ್ನೇ ಬರೆದಿಲ್ಲವೆಂಬುದು ಇಂಥ ಪ್ರಶ್ನೆಯಿಂದಲೇ ಹೊರಬೀಳುವ ಸಂಭವವುಂಟು. ನಿರಾಕರಣೆಯಾದರೆ ಅದರ ಕಾರಣವನ್ನು ಅಧಿಕಾರಿ ಬರೆದಿಡಬೇಕು, ಅರ್ಜಿದಾರ ಕೇಳಿದರೆ ಸಂಕ್ಷೇಪವಾಗಿ ತಿಳಿಸಬೇಕು; ಸಾರ್ವಜನಿಕ ಹಿತಕ್ಕೆ ಬಾಧಕವೆನಿಸಿದಾಗ ಮಾತ್ರ ತಡೆಹಿಡಿಯಬಹುದು. ಕೇಳಿದರೆ, ಎಂಬುದನ್ನು ಗಮನಿಸಿ. ಕೇಳದವನಿಗೆ ತಿಳಿಸುವ ಹೊಣೆ ಯಾರಿಗೂ ಇಲ್ಲ.

ಇನ್ನು ಹಳೆಯ ಪರವಾನಿಗೆಯ ಕೋವಿ ಇರುವ ಮನೆಗಳಿಗೆ ಒಂದು ಮಾತು. ಯಜಮಾನರು ತೀರಿಕೊಂಡ ಮೇಲೆ ಆ ಕೋವಿ ಮನೆಯಲ್ಲಿ ಒಂದು ದಿನ ಹೆಚ್ಚಿಗೆ ಇದ್ದರೂ ತೊಡಕು. ತಡಮಾಡದೆ ಅದನ್ನು ಠಾಣೆಗೋ ಪರವಾನಿಗೆಯುಳ್ಳ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆಯಬೇಕು. ಆಮೇಲೆ ಮಗ ತನ್ನ ಹೆಸರಿಗೆ ಪರವಾನಿಗೆ ಕೇಳಿ ಕಾಯುತ್ತಾನೆ, ಕೋವಿ ಠಾಣೆಯ ಉಗ್ರಾಣದಲ್ಲಿ ಎಣ್ಣೆ ಕಾಣದೆ ಕಾಯುತ್ತದೆ. ಮಗನ ಪರವಾನಿಗೆ ಹೊಸದೇ ಆದ್ದರಿಂದ ಅರಣ್ಯ ಇಲಾಖೆಯ ಬಾಗಿಲು ಅವನಿಗೂ ಎದುರಾಗಬಹುದು. ಆದರೆ 2016ರ ನಿಯಮಗಳು ಇದಕ್ಕೊಂದು ದಾರಿ ತೆರೆದಿವೆ: ಪರವಾನಿಗೆದಾರರಿಗೆ 70 ವರ್ಷ ತುಂಬಿದಾಗ, ಅಥವಾ ಕೋವಿ ಅವರ ಕೈಯಲ್ಲಿ 25 ವರ್ಷ ಇದ್ದಾಗ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಪರವಾನಿಗೆ ಕೇಳಬಹುದು. ಮನೆಯಲ್ಲಿ ಅಂಥ ಹಿರಿಯರಿದ್ದರೆ ಪರವಾನಿಗೆಯ ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದು ನವೀಕರಣದ ತಾರೀಖನ್ನೂ ಕೋವಿ ಕೊಂಡ ವರ್ಷವನ್ನೂ ಈಗಲೇ ನೋಡಿಕೊಳ್ಳಿ. ಅರ್ಜಿಯನ್ನು ಅವರ ಕೈಯಿಂದಲೇ ಬರೆಸಿ. ಠಾಣೆಯವರು ವಿಚಾರಣೆಗೆ ಬಂದಾಗ ಜಗಲಿಯ ಮೇಲೆ ಕುಳಿತು ಉತ್ತರ ಹೇಳಲು ಅವರೇ ಇರುತ್ತಾರೆ.